ಒಂದು ಸಾಲು ಸೇರಿಸಿದೆ, ಹಾಲಿನ ಲೆಕ್ಕ ಕೆಟ್ಟಿತು: ಇಲಿಸ್ಪ್‌ನಲ್ಲಿ ಲೆಕ್ಸಿಕಲ್ ಮತ್ತು ಡೈನಮಿಕ್ ಸ್ಕೋಪ್

ಹಾಲುಲೆಕ್ಕ · ಶನಿವಾರ ಬೆಳಿಗ್ಗೆ 7:12

ಎಲ್ಲರಿಗೂ ನಮಸ್ಕಾರ. ಇಮ್ಯಾಕ್ಸ್ ಎಡಿಟರ್ ಬಳಸುವವರು ಇಲ್ಲಿ ನಾಲ್ಕು ಜನವಾದರೂ ಇದ್ದೀರಿ ಅನ್ನುವ ಧೈರ್ಯದ ಮೇಲೆ ಕೇಳುತ್ತಿದ್ದೇನೆ.

ಮನೆ ಖರ್ಚಿನ ಲೆಕ್ಕಕ್ಕೆ ಅಂತ 2013ರಲ್ಲಿ ಒಂದು ಇಲಿಸ್ಪ್ (ಇಮ್ಯಾಕ್ಸ್ ಒಳಗಿನ ಲಿಸ್ಪ್ ಭಾಷೆ) ಫೈಲ್ ಬರೆದಿದ್ದೆ. ಹಾಲು, ಪೇಪರ್, ನೀರಿನ ಕ್ಯಾನ್, ಗ್ಯಾಸ್, ಇಸ್ತ್ರಿ, ಹೀಗೆ ಇಪ್ಪತ್ತು ಚಿಲ್ಲರೆ ಸಾಲು. ತಿಂಗಳ ಕೊನೆಗೆ ಒಂದು ಕೀ ಒತ್ತಿದರೆ ಪಟ್ಟಿ ಬರುತ್ತದೆ, ಕೆಳಗೆ ಒಟ್ಟು ಮೊತ್ತ. ಪ್ರಿಂಟ್ ತೆಗೆದು ಫ್ರಿಜ್ ಮೇಲೆ ಅಂಟಿಸುತ್ತೇನೆ. ಇಷ್ಟು ವರ್ಷ ಒಂದು ತಕರಾರೂ ಇಲ್ಲದೆ ನಡೆದಿದೆ.

ಮೊನ್ನೆ ಇಮ್ಯಾಕ್ಸ್ 30 ಹಾಕಿಕೊಂಡೆ. ಬೈಟ್ ಕಂಪೈಲ್ (ಬೇಗ ಓಡುವ ರೂಪಕ್ಕೆ ಕೋಡನ್ನು ಬದಲಾಯಿಸುವುದು) ಮಾಡಿದರೆ, ಫೈಲಿನ ಮೊದಲ ಸಾಲಿನಲ್ಲಿ ಲೆಕ್ಸಿಕಲ್ ಬೈಂಡಿಂಗ್ ವಿಷಯ ಬರೆದಿಲ್ಲ ಅಂತ ಎಚ್ಚರಿಕೆ. ಕೇಳಿದ್ದನ್ನು ಕೊಟ್ಟುಬಿಡೋಣ ಅಂತ ಮೇಲುಗಡೆ ಇದನ್ನು ಹಾಕಿದೆ:

;;; -*- ಲೆಕ್ಸಿಕಲ್-ಬೈಂಡಿಂಗ್: ಟಿ -*-

ಮಾಡಿದ್ದು ಇಷ್ಟೇ. ಈಗ ಎರಡು ತೊಂದರೆ. ಹಾಲಿನ ಕೆಳಗೆ ಬೆಳಿಗ್ಗೆ, ಸಂಜೆ ಅಂತ ಎರಡು ಒಳಸಾಲು ಇವೆ. ಅವು ನಾಲ್ಕು ಸ್ಪೇಸ್ ಒಳಗೆ ಸರಿದು ಬರುತ್ತಿದ್ದವು. ಈಗ ಎಡಕ್ಕೆ ಅಂಟಿಕೊಂಡಿವೆ. ಹೋಗಲಿ ಅನ್ನಬಹುದು. ಆದರೆ ಒಟ್ಟು ಮೊತ್ತವೂ ತಪ್ಪು ಬರುತ್ತಿದೆ. ಹೋದ ತಿಂಗಳ ಪಟ್ಟಿಯನ್ನೇ ಮತ್ತೆ ಓಡಿಸಿದೆ. ಫ್ರಿಜ್ ಮೇಲಿನ ಪ್ರಿಂಟಿನಲ್ಲಿ 14,310 ಇದೆ, ಈಗ 13,050. ₹1,260 ಎಲ್ಲೋ ಸೋರಿಹೋಗಿದೆ.

ಎರರ್ ಬಂದಿದ್ದರೆ ಹುಡುಕುತ್ತಿದ್ದೆ. ಒಂದೂ ಇಲ್ಲ. ಆ ಸಾಲು ತೆಗೆದರೆ ಎಲ್ಲ ಮೊದಲಿನ ಹಾಗೆ. ಅಂಚಿನ ಭಾಗದ ಕೋಡ್ ಇದು. ಎಲ್ಲರಿಗೂ ಓದಲು ಸುಲಭವಾಗಲಿ ಅಂತ ಕೀವರ್ಡುಗಳನ್ನೂ ಕನ್ನಡ ಅಕ್ಷರದಲ್ಲೇ ಹಾಕಿದ್ದೇನೆ, ನಕಲು ಮಾಡಿ ಓಡಿಸಲು ಹೋಗಬೇಡಿ. ವೇರಿಯಬಲ್ ಹೆಸರುಗಳು ಮಾತ್ರ ನನ್ನ ಫೈಲಿನಲ್ಲೂ ಕನ್ನಡದಲ್ಲೇ ಇವೆ. ಇಲಿಸ್ಪ್ ಅದಕ್ಕೆ ಬೇಡ ಅನ್ನುವುದಿಲ್ಲ. ಸೆಟ್‌ಕ್ಯೂ ಹೆಸರಿಗೆ ಬೆಲೆ ಕೊಡುತ್ತದೆ, ಡಿಫನ್ ಫಂಕ್ಷನ್ ಮಾಡುತ್ತದೆ, ಲೆಟ್ ಹೆಸರಿಗೆ ತಾತ್ಕಾಲಿಕ ಬೆಲೆ ಕೊಡುತ್ತದೆ.

(ಸೆಟ್‌ಕ್ಯೂ ಅಂಚು "")

(ಡಿಫನ್ ಸಾಲು-ಬರೆ (ಹೆಸರು)
  (ಇನ್ಸರ್ಟ್ ಅಂಚು ಹೆಸರು))

(ಡಿಫನ್ ಒಳಸಾಲು-ಬರೆ (ಹೆಸರು)
  (ಲೆಟ್ ((ಅಂಚು "    "))
    (ಸಾಲು-ಬರೆ ಹೆಸರು)))


ಕಂಸವಧೆ · 8:03

ಅಂಚಿನ ತೊಂದರೆಗೆ ಔಷಧಿ ಒಂದೇ ಪದ. ಮೊದಲ ಸಾಲಿನ ಸೆಟ್‌ಕ್ಯೂ ತೆಗೆದು ಡಿಫ್‌ವಾರ್ ಹಾಕಿ. ಮುಗಿಯಿತು.

ಯಾಕೆ ಅಂತ ಕೇಳಿದರೆ, ನಾನು ಯಾವಾಗಲೂ ಕೊಡುವ ಉದಾಹರಣೆ ಇದು. ಊರಿಂದ ಅಮ್ಮ ಕಾಗದ ಬರೆಯುತ್ತಾರೆ, "ಇಲ್ಲಿ ಮಳೆ ಜೋರು." ನೀವು ಅದನ್ನು ಬೆಂಗಳೂರಿನ ಬಿಸಿಲಲ್ಲಿ ನಿಂತು ಓದುತ್ತೀರಿ. ಮಳೆ ಎಲ್ಲಿ ಬರುತ್ತಿದೆ? ಊರಲ್ಲಿ. ಕಾಗದ ಎಲ್ಲಿಗೇ ಹೋಗಲಿ, ಅದರೊಳಗಿನ "ಇಲ್ಲಿ" ಬರೆದ ಜಾಗಕ್ಕೇ ಅಂಟಿಕೊಂಡಿರುತ್ತದೆ. ಅದು ಲೆಕ್ಸಿಕಲ್.

ಇನ್ನು "ಇಲ್ಲಿ ಚಪ್ಪಲಿ ಬಿಡಿ" ಅನ್ನುವ ಬೋರ್ಡು. ಅದನ್ನು ಬರೆದದ್ದು ಪೇಂಟರ್ ಅಂಗಡಿಯಲ್ಲಿ. ಹಾಗಂತ ಯಾರೂ ಪೇಂಟರ್ ಅಂಗಡಿಗೆ ಹೋಗಿ ಚಪ್ಪಲಿ ಬಿಡುವುದಿಲ್ಲ. ಬೋರ್ಡನ್ನು ಎಲ್ಲಿ ನೇತುಹಾಕಿದ್ದಾರೋ ಅದೇ "ಇಲ್ಲಿ". ಅದು ಡೈನಮಿಕ್.

ನಿಮ್ಮ ಸಾಲು-ಬರೆ ಒಳಗಿನ ಅಂಚು ಇಷ್ಟು ದಿನ ಬೋರ್ಡಾಗಿತ್ತು. ಯಾರು ಕರೆದರೋ ಅವರ ಅಂಚು. ಮೇಲೆ ಆ ಸಾಲು ಹಾಕಿದ ತಕ್ಷಣ ಕಾಗದವಾಯಿತು. ಒಳಸಾಲು-ಬರೆ ಒಳಗಿನ ಲೆಟ್ ಈಗ ತನ್ನದೇ ಒಂದು ಹೊಸ ಅಂಚು ಮಾಡಿಕೊಳ್ಳುತ್ತದೆ. ಅದು ಆ ಲೆಟ್‌ನ ಕಂಸಗಳ ಒಳಗೆ ಬರೆದಿರುವ ಕೋಡಿಗೆ ಮಾತ್ರ ಕಾಣುತ್ತದೆ. ಸಾಲು-ಬರೆಯ ಕೋಡು ಬರೆದಿರುವುದು ಹೊರಗಡೆ. ಅದಕ್ಕೆ ಕಾಣುವುದು ಮೇಲಿನ ಖಾಲಿ ಅಂಚು. ಅದಕ್ಕೇ ಎರರ್ ಇಲ್ಲ. ಮೇಲೆ ಸೆಟ್‌ಕ್ಯೂ ಇಲ್ಲದಿದ್ದರೆ ಅಂಥ ವೇರಿಯಬಲ್ಲೇ ಇಲ್ಲ ಅಂತ ಕಿರುಚಿಕೊಳ್ಳುತ್ತಿತ್ತು.

ಸೆಟ್‌ಕ್ಯೂ ಬೆಲೆ ಕೊಡುತ್ತದೆ, ಅಷ್ಟೇ. ಡಿಫ್‌ವಾರ್ ಬೆಲೆ ಕೊಡುವುದರ ಜೊತೆಗೆ "ಈ ಹೆಸರು ಸ್ಪೆಷಲ್" ಅಂತ ಮುದ್ರೆ ಒತ್ತುತ್ತದೆ. ಮುದ್ರೆ ಬಿದ್ದ ಹೆಸರಿಗೆ ಲೆಟ್ ಹಾಕಿದರೆ ಫೈಲ್ ಲೆಕ್ಸಿಕಲ್ ಆಗಿದ್ದರೂ ಡೈನಮಿಕ್ ಬೈಂಡಿಂಗೇ ಆಗುತ್ತದೆ.

ಮೊತ್ತ ಕೂಡಿಸುವ ಕೋಡನ್ನೂ ಹಾಕಿ. ಅದೂ ಇದೇ ಜಾತಿಯದಿರಬೇಕು.


ನಾಲ್ಕನೇ_ಬ್ಲಾಕ್ · 8:40

ನಾನು ಪೈಥಾನ್, ಜಾವಾಸ್ಕ್ರಿಪ್ಟ್ ಹುಡುಗ. ಇಮ್ಯಾಕ್ಸ್ ಬರುವುದಿಲ್ಲ. ಮೌಸ್ ಮುಟ್ಟದವರ ಭಾಷೆಯ ಹೆಸರಲ್ಲೇ ಇಲಿ ಇದೆಯಲ್ಲ ಅಂತ ನಗು ಬಂದು ಒಳಗೆ ಬಂದೆ.

ಗುರು, ಒಂದು ಅರ್ಥವಾಗಲಿಲ್ಲ. ಯಾರು ಕರೆದರು ಅನ್ನುವುದರ ಮೇಲೆ ವೇರಿಯಬಲ್ ಬದಲಾದರೆ, ಫಂಕ್ಷನ್ ಓದಿ ಅದು ಏನು ಮಾಡುತ್ತದೆ ಅಂತ ಹೇಳಲಿಕ್ಕೇ ಆಗುವುದಿಲ್ಲ, ಅಲ್ವಾ? ಇದನ್ನು ಬೇಕು ಅಂತಲೇ ಯಾರು ಮಾಡಿದರು?


ಟರ್ಮಿನಲ್_ತಾತ · 9:25

ಬೇಕು ಅಂತ ಯಾರೂ ಮಾಡಲಿಲ್ಲ ಮಗಾ. ಕೈತಪ್ಪಿ ಆಯಿತು. ಆಮೇಲೆ ಜನ ಅದಕ್ಕೆ ಹೊಂದಿಕೊಂಡರು, ಕೊನೆಗೆ ಅದನ್ನೇ ಪ್ರೀತಿಸಿದರು.

ಎಂಐಟಿಯಲ್ಲಿ ಜಾನ್ ಮೆಕಾರ್ಥಿ 1958ರಲ್ಲಿ ಲಿಸ್ಪ್ ಕೆಲಸ ಶುರು ಮಾಡಿದರು. ಫಂಕ್ಷನ್ನನ್ನೇ ಇನ್ನೊಂದು ಫಂಕ್ಷನ್ನಿಗೆ ಕೊಡಬೇಕು, ಅದನ್ನು ಬರೆಯಲು ಒಂದು ಗುರುತು ಬೇಕು. ತರ್ಕಶಾಸ್ತ್ರದ ಅಲಾಂಜೊ ಚರ್ಚ್ ಅವರ ಪುಸ್ತಕದ ಲ್ಯಾಂಬ್ಡಾ ಗುರುತು ಕೈಗೆ ಸಿಕ್ಕಿತು, ತೆಗೆದುಕೊಂಡರು. ಆ ಪುಸ್ತಕದ ಉಳಿದ ಭಾಗ ತನಗೆ ಅರ್ಥವಾಗಿರಲಿಲ್ಲ ಅಂತ ಮೆಕಾರ್ಥಿ ತಾವೇ ಆಮೇಲೆ ಒಪ್ಪಿಕೊಂಡಿದ್ದಾರೆ. ಚರ್ಚ್ ಅವರ ಲೆಕ್ಕದಲ್ಲಿ ಒಳಗಿನ ಹೆಸರು ಏನಿದ್ದರೂ ಒಂದೇ. ಒಂದು ಹೆಸರನ್ನು ಎಲ್ಲ ಕಡೆ ಸರಿಯಾಗಿ ಬದಲಾಯಿಸಿದರೆ ಅರ್ಥ ಬದಲಾಗಬಾರದು. ಲಿಸ್ಪ್‌ನಲ್ಲಿ ಬದಲಾಯಿತು.

ಹೇಗೆ ಅಂದರೆ, ಮೆಕಾರ್ಥಿ ಕಾಗದದ ಮೇಲೆ ಬರೆದ ಇವ್ಯಾಲ್ (ಲಿಸ್ಪ್ ಕೋಡನ್ನು ಓಡಿಸುವ ಫಂಕ್ಷನ್) ಅನ್ನು ಸ್ಟೀವ್ ರಸೆಲ್ ಐಬಿಎಂ 704 ಯಂತ್ರಕ್ಕೆ ಕೈಯಾರೆ ಬರೆದು ಕೂರಿಸಿದರು. ಅದರಲ್ಲಿ ವೇರಿಯಬಲ್‌ಗಳೆಲ್ಲ ಒಂದು ಉದ್ದ ಪಟ್ಟಿ. ಹೆಸರು, ಬೆಲೆ, ಹೆಸರು, ಬೆಲೆ. ಹೊಸ ಫಂಕ್ಷನ್ ಕರೆದಾಗ ಅದರ ಹೆಸರುಗಳನ್ನು ಪಟ್ಟಿಯ ಮುಂದಕ್ಕೆ ಸೇರಿಸುವುದು, ಮುಗಿದ ಮೇಲೆ ತೆಗೆಯುವುದು. ಬೆಲೆ ಬೇಕಾದಾಗ ಮುಂದಿನಿಂದ ಹುಡುಕುವುದು, ಮೊದಲು ಸಿಕ್ಕಿದ್ದೇ ಸರಿ. ಎಷ್ಟು ಸರಳ ನೋಡಿ. ಆದರೆ ಮುಂದಿರುವುದು ಯಾವಾಗಲೂ ತೀರಾ ಈಚೆಗೆ ಕರೆದವನ ಹೆಸರು. ಡೈನಮಿಕ್ ಸ್ಕೋಪ್ ಹುಟ್ಟಿದ್ದು ಹೀಗೆ.

ಇದು ಕಚ್ಚಿದ್ದು ಜೇಮ್ಸ್ ಸ್ಲೇಗಲ್ ಅವರಿಗೆ. ತನ್ನನ್ನು ತಾನೇ ಕರೆದುಕೊಳ್ಳುವ ಒಂದು ಫಂಕ್ಷನ್, ಅದಕ್ಕೆ ಕೊಟ್ಟದ್ದು ಇನ್ನೊಂದು ಲ್ಯಾಂಬ್ಡಾ, ಅಂದರೆ ಹೆಸರಿಲ್ಲದ ಫಂಕ್ಷನ್. ಒಳಗಿನ ಲ್ಯಾಂಬ್ಡಾಕ್ಕೆ ಹೊರಗಿನ ಎಕ್ಸ್ ಬೇಕು, ಸಿಕ್ಕಿದ್ದು ಒಳಗಿನ ಎಕ್ಸ್. ಸ್ಲೇಗಲ್ ದೂರು ಕೊಟ್ಟರು. ಮೆಕಾರ್ಥಿ ಇದೊಂದು ಸಣ್ಣ ಬಗ್, ರಸೆಲ್ ಸರಿ ಮಾಡುತ್ತಾರೆ ಅಂದುಕೊಂಡರು. 1978ರಲ್ಲಿ ಲಿಸ್ಪ್ ಇತಿಹಾಸ ಬರೆಯುವಾಗ ಅವರೇ ಇದನ್ನು ಹೇಳಿಕೊಂಡಿದ್ದಾರೆ. ರಸೆಲ್ ಮತ್ತು ಪ್ಯಾಟ್ರಿಕ್ ಫಿಷರ್ ಫನಾರ್ಗ್ ಅನ್ನುವ ಉಪಾಯ ಮಾಡಿದರು. ಫಂಕ್ಷನ್ ಜೊತೆಗೆ ಅದು ಹುಟ್ಟಿದ ಜಾಗದ ಪಟ್ಟಿಯನ್ನೂ ಕಟ್ಟಿ ಕಳಿಸುವುದು. ಆದರೆ ಭಾಷೆಯ ಅಡಿಪಾಯ ಹಾಗೇ ಉಳಿಯಿತು. 1970ರಲ್ಲೂ ಜೋಯೆಲ್ ಮೋಸಸ್ ಇದೇ ತೊಂದರೆ ಮೇಲೆ ಬರೆಯುತ್ತಿದ್ದರು. ಇದನ್ನು ಫನಾರ್ಗ್ ತೊಂದರೆ ಅನ್ನಬೇಡಿ, ಎನ್ವಿರಾನ್‌ಮೆಂಟ್ ತೊಂದರೆ ಅನ್ನಿ ಅಂತ ಅವರ ವಾದ. ಸಣ್ಣ ಬಗ್‌ಗೆ ಹತ್ತು ವರ್ಷ ಆಯಸ್ಸು.

ಇನ್ನೂ ವಿಚಿತ್ರ ಅಂದರೆ ಎಂಐಟಿಯದೇ ಲಿಸ್ಪ್ ಆದ ಮ್ಯಾಕ್‌ಲಿಸ್ಪ್. ಅದರ ಇಂಟರ್‌ಪ್ರಿಟರ್ ಡೈನಮಿಕ್. ಕಂಪೈಲರ್ ಮಾತ್ರ ವೇಗ ಬರಲಿ ಅಂತ, ಸ್ಪೆಷಲ್ ಅಂತ ಹೇಳದ ಹೆಸರನ್ನೆಲ್ಲ ಲೋಕಲ್ ಅಂದುಕೊಳ್ಳುತ್ತಿತ್ತು. ಒಂದೇ ಕೋಡು, ಕಂಪೈಲ್ ಮಾಡದೆ ಓಡಿಸಿದರೆ ಒಂದು ಉತ್ತರ, ಮಾಡಿದರೆ ಇನ್ನೊಂದು. ಹಾಲುಲೆಕ್ಕ ಅವರ ಗೋಳು ಹೊಸದೇನಲ್ಲ.


ದಾಸಯ್ಯ · 10:10

ಮಾರಾಯ್ರೇ, ಎಲ್ಲ ಸೇರಿ ಡೈನಮಿಕ್ ಸ್ಕೋಪನ್ನು ಕಳ್ಳನ ಹಾಗೆ ಕಟ್ಟಿಹಾಕಿದ್ದೀರಿ. ಅದರ ಪರವಾಗಿ ಒಬ್ಬನಾದರೂ ಮಾತಾಡಬೇಕಲ್ಲ.

ಇಮ್ಯಾಕ್ಸ್‌ನಲ್ಲಿ ಕೇಸ್-ಫೋಲ್ಡ್-ಸರ್ಚ್ ಅಂತ ಒಂದು ವೇರಿಯಬಲ್ ಇದೆ. ಹುಡುಕುವಾಗ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಒಂದೇ ಅನ್ನಬೇಕಾ ಬೇಡವಾ ಅಂತ ಹೇಳುವಂಥದ್ದು. ನನ್ನ ಫಂಕ್ಷನ್ನಿನಲ್ಲಿ ಐದು ನಿಮಿಷದ ಮಟ್ಟಿಗೆ ಬೇರೆ ಅನ್ನಬೇಕು. ಏನು ಮಾಡುತ್ತೇನೆ?

(ಲೆಟ್ ((ಕೇಸ್-ಫೋಲ್ಡ್-ಸರ್ಚ್ ನಿಲ್))
  (ಹುಡುಕಿ-ಬದಲಿಸು))

ನಾನು ಕರೆದ ಫಂಕ್ಷನ್ ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು, ಹತ್ತನೆಯದು ನಿಜವಾಗಿ ಹುಡುಕುತ್ತದೆ. ಮಧ್ಯದ ಎಂಟಕ್ಕೆ ಈ ವಿಷಯವೇ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಲೆಟ್ ಮುಗಿದ ಕೂಡಲೇ ಹಳೆಯ ಬೆಲೆ ತಾನೇ ವಾಪಸ್. ನಡುವೆ ಎರರ್ ಬಂದು ಹೊರಗೆ ಎಸೆದರೂ ವಾಪಸ್. ಲೆಕ್ಸಿಕಲ್ ಮಾತ್ರ ಇದ್ದರೆ? ಹತ್ತೂ ಫಂಕ್ಷನ್ನಿಗೆ ಒಂದೊಂದು ಆರ್ಗ್ಯುಮೆಂಟ್ ಜಾಸ್ತಿ ಮಾಡಬೇಕು.

ಇಮ್ಯಾಕ್ಸ್ ಮಾಡಿದ ರಿಚರ್ಡ್ ಸ್ಟಾಲ್ಮನ್ 1981ರಲ್ಲಿ ಇಮ್ಯಾಕ್ಸ್ ಬಗ್ಗೆ ಬರೆದ ಪ್ರಬಂಧದಲ್ಲಿ ಇದೇ ವಾದ ಮಾಡಿದ್ದಾರೆ. ಮೊದಲನೆಯ ಫಂಕ್ಷನ್ ಎರಡನೆಯದನ್ನು ಕರೆಯುತ್ತದೆ, ಎರಡನೆಯದು ಮೂರನೆಯದನ್ನು. ಮೂರನೆಯದಕ್ಕೆ ಬೇಕಾದ್ದನ್ನು ಆರ್ಗ್ಯುಮೆಂಟ್ ಮಾಡಿ ದಾಟಿಸಿ ಅನ್ನುತ್ತಾರೆ. ಆದರೆ ಬಳಸುವವರೇ ಬದಲಾಯಿಸಿಕೊಳ್ಳುವ ಸಾಫ್ಟ್‌ವೇರಿನಲ್ಲಿ, ಮುಂದೆ ಯಾರು ಏನನ್ನು ಬದಲಾಯಿಸಲು ಬಯಸುತ್ತಾರೆ ಅಂತ ಮಧ್ಯದವನನ್ನು ಬರೆದವನಿಗೆ ಹೇಗೆ ಗೊತ್ತಿರುತ್ತದೆ? ನನಗೆ ಈ ಮಾತು ಇವತ್ತಿಗೂ ಸರಿ ಅನಿಸುತ್ತದೆ. ಮತ್ತೆ ಅದೇನೂ ಪರದೇಶದ ವಸ್ತುವಲ್ಲ. ನಾಲ್ಕನೇ ಬ್ಲಾಕ್ ಅವರೇ, ನೀವು ಬ್ಯಾಶ್ (ಶೆಲ್ ಸ್ಕ್ರಿಪ್ಟ್) ಬರೆಯುತ್ತೀರಲ್ಲ, ಅದರ ಲೋಕಲ್ ಡೈನಮಿಕ್ಕೇ. ಒಂದು ಫಂಕ್ಷನ್ನಿನಲ್ಲಿ ಲೋಕಲ್ ಅಂತ ಹಾಕಿ, ಇನ್ನೊಂದನ್ನು ಕರೆಯಿರಿ. ಒಳಗೆ ಹೋದವನಿಗೂ ಅದು ಕಾಣುತ್ತದೆ.


ನಾಲ್ಕನೇ_ಬ್ಲಾಕ್ · 10:22

ಬ್ಯಾಶ್‌ನಲ್ಲಿ ಹಾಕಿ ನೋಡಿದೆ. ಹೌದು. ಆರು ವರ್ಷದಿಂದ ಬರೆಯುತ್ತಿದ್ದೇನೆ, ಲೋಕಲ್ ಅಂದರೆ ಲೋಕಲ್ ಅಂತ ನಂಬಿದ್ದೆ 😐


ಕಂಸವಧೆ · 10:58

ದಾಸಯ್ಯನವರೇ, ಕೇಸ್-ಫೋಲ್ಡ್-ಸರ್ಚ್ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಡೈನಮಿಕ್ ಬೇಡ ಅಂತ ಲಿಸ್ಪ್‌ನವರು ಯಾರೂ ಹೇಳುತ್ತಿಲ್ಲ. ಜಗಳ ಇರುವುದು ಏನೂ ಹೇಳದೆ ಬಿಟ್ಟರೆ ಯಾವುದು ಆಗಬೇಕು ಅನ್ನುವುದರಲ್ಲಿ. ಕೇಸ್-ಫೋಲ್ಡ್-ಸರ್ಚ್ ಅನ್ನುವುದು ಎಲ್ಲರಿಗೂ ಗೊತ್ತಿರುವ, ದಾಖಲೆಯಲ್ಲಿರುವ ಹೆಸರು. ಅದು ಬೋರ್ಡು, ಬೋರ್ಡಾಗಿಯೇ ಇರಲಿ. ಆದರೆ ನಾನು ಸುಮ್ನೆ ಎಣಿಸಲು ಇಟ್ಟುಕೊಂಡ ಎಣಿಕೆ ಅನ್ನುವ ಹೆಸರು ಯಾಕೆ ಬೋರ್ಡಾಗಬೇಕು?

ಇದು ನೋಡಿ (ಕಾರ್ ಅಂದರೆ ಪಟ್ಟಿಯ ಮೊದಲನೆಯದು, ಸಿಡಿಆರ್ ಅಂದರೆ ಉಳಿದದ್ದು, ಫನ್‌ಕಾಲ್ ಅಂದರೆ ಕೈಗೆ ಕೊಟ್ಟ ಫಂಕ್ಷನ್ ಕರೆಯುವುದು):

(ಡಿಫನ್ ಒಂದೊಂದಕ್ಕೂ (ಕೆಲಸ ಪಟ್ಟಿ)
  (ಲೆಟ್ ((ಎಣಿಕೆ 0))
    (ವೈಲ್ ಪಟ್ಟಿ
      (ಫನ್‌ಕಾಲ್ ಕೆಲಸ (ಕಾರ್ ಪಟ್ಟಿ))
      (ಸೆಟ್‌ಕ್ಯೂ ಪಟ್ಟಿ (ಸಿಡಿಆರ್ ಪಟ್ಟಿ))
      (ಸೆಟ್‌ಕ್ಯೂ ಎಣಿಕೆ (+ ಎಣಿಕೆ 1)))
    ಎಣಿಕೆ))

ಇದನ್ನು ಯಾರೋ ಬರೆದು ಲೈಬ್ರರಿಯಲ್ಲಿ ಇಟ್ಟಿದ್ದಾರೆ. ನಾನು ಒಳಗೆ ನೋಡಿಲ್ಲ. ದೊಡ್ಡ ಸಂಖ್ಯೆಗಳು ಎಷ್ಟಿವೆ ಅಂತ ಎಣಿಸಲು ನನ್ನದೊಂದು ಎಣಿಕೆ ಇಟ್ಟು, ಅದನ್ನು ಹೆಚ್ಚಿಸುವ ಲ್ಯಾಂಬ್ಡಾ ಮಾಡಿ ಇದಕ್ಕೆ ಕೊಡುತ್ತೇನೆ. ಡೈನಮಿಕ್ ಆದರೆ ನನ್ನ ಲ್ಯಾಂಬ್ಡಾ ಹೆಚ್ಚಿಸುವುದು ನನ್ನ ಎಣಿಕೆಯನ್ನಲ್ಲ, ಅವರ ಎಣಿಕೆಯನ್ನು. ನನ್ನದು ಸೊನ್ನೆಯಲ್ಲೇ ಕೂತಿರುತ್ತದೆ, ಅವರದ್ದೂ ಕೆಡುತ್ತದೆ. ನನ್ನ ಹೆಸರನ್ನು ಸಂಖ್ಯೆ ಅಂತ ಬದಲಾಯಿಸಿದರೆ ಸರಿಯಾಗುತ್ತದೆ. ಹೆಸರು ಬದಲಾಯಿಸಿದ್ದಕ್ಕೆ ಬಗ್ ಹೋಗುತ್ತದೆ ಅಂದರೆ ಅದೆಂಥ ಭಾಷೆ?

ಹಳೆಯ ಇಲಿಸ್ಪ್ ಲೈಬ್ರರಿಗಳಲ್ಲಿ ಇದರ ಗಾಯದ ಗುರುತು ಕಾಣುತ್ತದೆ. ಕಾಮನ್ ಲಿಸ್ಪ್ ಹೋಲುವ ಫಂಕ್ಷನ್‌ಗಳಿದ್ದ ಸಿಎಲ್ ಪ್ಯಾಕೇಜ್ ತೆರೆದು ನೋಡಿ. ಒಳಗಿನ ಪುಟ್ಟ ಪುಟ್ಟ ವೇರಿಯಬಲ್‌ಗಳಿಗೂ ಸಿಎಲ್-ಎಕ್ಸ್, ಸಿಎಲ್-ಸೀಕ್ ಅಂತ ಮುಂದೆ ಬಾಲ ಕಟ್ಟಿದ್ದರು. ಬಳಸುವವರ ಎಕ್ಸ್ ಜೊತೆ ಡಿಕ್ಕಿ ಆಗಬಾರದು ಅಂತ.


ಸೋಮಾರಿ_ಸೀಕ್ · 11:30

ಕ್ಲೋಜರ್ (ಅದೂ ಒಂದು ಲಿಸ್ಪ್ ಭಾಷೆ) ಕಡೆಯಿಂದ ಒಂದು ಮಾತು. ನಮ್ಮಲ್ಲಿ 2011ರ 1.3 ಆವೃತ್ತಿಯ ತನಕ ಯಾವ ವಾರ್‌ಗೆ (ಗ್ಲೋಬಲ್ ವೇರಿಯಬಲ್) ಬೇಕಾದರೂ ಬೈಂಡಿಂಗ್, ಅಂದರೆ ತಾತ್ಕಾಲಿಕ ಬೆಲೆ, ಹಾಕಬಹುದಿತ್ತು. ಆಮೇಲೆ ಡೈನಮಿಕ್ ಅಂತ ಬಾಯಿಬಿಟ್ಟು ಹೇಳಿದ್ದಕ್ಕೆ ಮಾತ್ರ. ಆದರೂ ಒಂದು ಗುಂಡಿ ಇದೆ, ನಾನು ಬಿದ್ದೆದ್ದು ಬಂದವನು. ಬೈಂಡಿಂಗ್ ಒಳಗೆ ಮ್ಯಾಪ್ (ಪಟ್ಟಿಯ ಒಂದೊಂದಕ್ಕೂ ಫಂಕ್ಷನ್ ಓಡಿಸುವುದು) ಹಾಕಿ ಅದನ್ನೇ ಹೊರಗೆ ಕೊಟ್ಟೆ. ಮ್ಯಾಪ್ ಸೋಮಾರಿ, ಯಾರಾದರೂ ಕೇಳುವ ತನಕ ಕೆಲಸ ಮಾಡುವುದಿಲ್ಲ. ಕೇಳಿದ ಹೊತ್ತಿಗೆ ಬೈಂಡಿಂಗ್ ಮುಗಿದುಹೋಗಿದೆ, ಸಿಕ್ಕಿದ್ದು ಹಳೆಯ ಬೆಲೆ. ಮುಂಜಿಗೆ ಕರೆದರೆ ಊಟದ ಎಲೆ ಎತ್ತಿದ ಮೇಲೆ ಬಂದ ನೆಂಟರ ಹಾಗೆ.


ನಾಲ್ಕನೇ_ಬ್ಲಾಕ್ · 11:41

ಸರಿ, ನನಗೆ ಕ್ಲೋಷರ್ (ಮೇಲಿನ ಕ್ಲೋಜರ್ ಭಾಷೆಯಲ್ಲ) ಗೊತ್ತು, ಜಾವಾಸ್ಕ್ರಿಪ್ಟ್‌ನಲ್ಲಿ ದಿನಾ ಬಳಸುತ್ತೇನೆ. ಇಲಿಸ್ಪ್‌ನಲ್ಲಿ ಹೀಗೆ ಬರೆದರೆ?

(ಡಿಫನ್ ಕೂಡಿಸುವವನು (ಎನ್)
  (ಲ್ಯಾಂಬ್ಡಾ (ಎಕ್ಸ್) (+ ಎಕ್ಸ್ ಎನ್)))

(ಫನ್‌ಕಾಲ್ (ಕೂಡಿಸುವವನು 3) 4)


ಟರ್ಮಿನಲ್_ತಾತ · 12:15

ಲೆಕ್ಸಿಕಲ್ ಆದರೆ 7. ಡೈನಮಿಕ್ ಆದರೆ, ಎನ್ ಅನ್ನುವ ವೇರಿಯಬಲ್ ಇಲ್ಲ ಅಂತ ಎರರ್. ಅದು ಪುಣ್ಯ ಇದ್ದರೆ. ಪುಣ್ಯ ಇಲ್ಲದಿದ್ದರೆ ಮೇಲೆ ಎಲ್ಲೋ ಬೇರೆ ಯಾರದೋ ಎನ್ ಇರುತ್ತದೆ, ಅದನ್ನೇ ಕೂಡಿಸಿ ಕೊಡುತ್ತದೆ.

ಕಂಸವಧೆ ಹೇಳಿದ್ದು ಫಂಕ್ಷನ್ನನ್ನು ಕೆಳಗೆ ಕೊಡುವ ತೊಂದರೆ. ನೀವು ಕೇಳಿದ್ದು ಮೇಲಕ್ಕೆ ಹಿಂತಿರುಗಿಸುವ ತೊಂದರೆ. ಎರಡನೆಯದು ಜಾಸ್ತಿ ಕಷ್ಟ. ಕೂಡಿಸುವವನು ಕೆಲಸ ಮುಗಿಸಿ ಹೋಗಿಯಾಯಿತು. ಅವನ ಸ್ಟ್ಯಾಕ್ ಜಾಗ (ಕರೆ ಮುಗಿಯುವ ತನಕ ಮಾತ್ರ ಇರುವ ಮೆಮೊರಿ) ಖಾಲಿ ಮಾಡಬೇಕು. ಆದರೆ ಅವನು ಹೆತ್ತ ಲ್ಯಾಂಬ್ಡಾಕ್ಕೆ ಅವನ ಎನ್ ಇನ್ನೂ ಬೇಕು. ಅಂದರೆ ಎನ್ ಸ್ಟ್ಯಾಕಿನಲ್ಲಿ ಇರುವ ಹಾಗಿಲ್ಲ, ಆಮೇಲೂ ಉಳಿಯುವ ಹೀಪ್ ಮೆಮೊರಿಗೆ ಹೋಗಬೇಕು. ಫಂಕ್ಷನ್ ಮತ್ತು ಅದರ ಪರಿಸರ ಎರಡನ್ನೂ ಸೇರಿಸಿ ಕಟ್ಟಿದ ಈ ಗಂಟಿಗೆ ಕ್ಲೋಷರ್ ಅಂತ ಹೆಸರಿಟ್ಟದ್ದು ಪೀಟರ್ ಲ್ಯಾಂಡಿನ್, 1964ರಲ್ಲಿ. ಇಮ್ಯಾಕ್ಸ್ 29ರ ತನಕ ಈ ಗಂಟನ್ನು ಬಿಚ್ಚಿ ಕಣ್ಣಾರೆ ನೋಡಬಹುದಿತ್ತು. ಮೇಲಿನ ಲ್ಯಾಂಬ್ಡಾವನ್ನು ಪ್ರಿಂಟ್ ಮಾಡಿದರೆ ಹೀಗೆ ಬರುತ್ತಿತ್ತು:

(ಕ್ಲೋಷರ್ ((ಎನ್ . 3) ಟಿ) (ಎಕ್ಸ್) (+ ಎಕ್ಸ್ ಎನ್))

ಎನ್ ಬೆಲೆ 3 ಅನ್ನುವ ಬುತ್ತಿ ಕಟ್ಟಿಕೊಂಡೇ ಹೊರಟಿದೆ ನೋಡಿ.

ಲಿಸ್ಪ್ ಲೋಕಕ್ಕೆ ಇದು ಮನದಟ್ಟಾದ ಕಥೆ ನನಗೆ ಬಹಳ ಇಷ್ಟ. 1975ರಲ್ಲಿ ಎಂಐಟಿಯಲ್ಲಿ ಜೆರಾಲ್ಡ್ ಸಸ್‌ಮನ್ ಮತ್ತು ಗೈ ಸ್ಟೀಲ್, ಕಾರ್ಲ್ ಹೆವಿಟ್ ಅವರ ಆ್ಯಕ್ಟರ್ (ಒಂದಕ್ಕೊಂದು ಸಂದೇಶ ಕಳಿಸಿ ಕೆಲಸ ಮಾಡುವ ಘಟಕ) ಅನ್ನುವ ವಿಚಾರ ಅರ್ಥ ಮಾಡಿಕೊಳ್ಳಲು ಕೂತರು. ಆಟಕ್ಕೆ ಅಂತ ಒಂದು ಪುಟ್ಟ ಲಿಸ್ಪ್ ಮಾಡಿದರು, ಲೆಕ್ಸಿಕಲ್ ಸ್ಕೋಪ್ ಇರುವಂಥದ್ದು. ಅದರಲ್ಲಿ ಲ್ಯಾಂಬ್ಡಾ ಮಾಡುವ ಕೋಡು ಒಂದು, ಆ್ಯಕ್ಟರ್ ಮಾಡುವ ಕೋಡು ಇನ್ನೊಂದು. ಬರೆದು ಮುಗಿಸಿ ನೋಡಿದರೆ, ಅವನ್ನು ಓಡಿಸುವ ಭಾಗದಲ್ಲಿ ಎರಡೂ ಒಂದೇ ಕೋಡು! ಆ ಆಟದ ಲಿಸ್ಪೇ ಸ್ಕೀಮ್. ನಿಜವಾದ ಹೆಸರು ಸ್ಕೀಮರ್ ಅಂತ. ಅವರ ಯಂತ್ರದಲ್ಲಿ ಫೈಲ್ ಹೆಸರಿಗೆ ಆರೇ ಅಕ್ಷರ ಹಿಡಿಯುತ್ತಿದ್ದವು, ಕೊನೆಯದು ಉದುರಿಹೋಯಿತು. ಮುಂದೆ 1984ರಲ್ಲಿ ಇದೇ ಗೈ ಸ್ಟೀಲ್ ಬರೆದ ಕಾಮನ್ ಲಿಸ್ಪ್ ಪುಸ್ತಕ ಬಂದಾಗ ಅದರಲ್ಲೂ ಲೆಕ್ಸಿಕಲ್ಲೇ ವಾಡಿಕೆ, ಡೈನಮಿಕ್ ಬೇಕಾದರೆ ಹೇಳಿ ಮಾಡಿಸಿಕೊಳ್ಳಬೇಕು.

ಇಮ್ಯಾಕ್ಸ್‌ಗೆ ಮಾತ್ರ ಇದು ಬಂದು ಮುಟ್ಟಿದ್ದು 2012ರ ಜೂನ್‌ನಲ್ಲಿ, 24.1ರಲ್ಲಿ. ಅದೂ ಫೈಲಿನ ತಲೆಯ ಮೇಲೆ ಬರೆದುಕೊಂಡವರಿಗೆ ಮಾತ್ರ.


ದಾಸಯ್ಯ · 12:40

ತಾತ, ಕಥೆ ಚೆಂದ. ಆದರೆ ಇಲಿಸ್ಪ್‌ನ ಇವತ್ತಿನ ಸ್ಥಿತಿ ಎರಡೂ ದೋಣಿಯಲ್ಲಿ ಕಾಲಿಟ್ಟ ಹಾಗೆ. ನನ್ನ ಇನಿಟ್ ಫೈಲಿನಲ್ಲಿ (ಇಮ್ಯಾಕ್ಸ್ ಶುರುವಾಗುವಾಗ ಓದುವ ಫೈಲ್) ಆದದ್ದು ಕೇಳಿ. ಕ್ಯಾಲೆಂಡರ್ ತೆರೆದಾಗ ವಾರ ಸೋಮವಾರದಿಂದ ಶುರುವಾಗಲಿ ಅಂತ ಹೀಗೆ ಬರೆದಿದ್ದೆ:

(ಲೆಟ್ ((ಕ್ಯಾಲೆಂಡರ್-ವೀಕ್-ಸ್ಟಾರ್ಟ್-ಡೇ 1))
  (ಕ್ಯಾಲೆಂಡರ್))

ಮೇಲೆ ಲೆಕ್ಸಿಕಲ್ ಸಾಲು ಹಾಕಿದ ಮೇಲೆ ಎರರ್. ಈಗಾಗಲೇ ಲೆಕ್ಸಿಕಲ್ ಆಗಿರುವ ವೇರಿಯಬಲ್ಲನ್ನು ಡೈನಮಿಕ್ ಮಾಡಲು ಹೊರಟಿದ್ದೀರಿ ಅಂತ. ನಾನೆಲ್ಲಿ ಹೊರಟೆ? ಕ್ಯಾಲೆಂಡರ್ ಪ್ಯಾಕೇಜ್ ಅಷ್ಟರವರೆಗೆ ಲೋಡ್ ಆಗಿರಲಿಲ್ಲ. ಲೆಟ್ ಬಂದಾಗ ಆ ಹೆಸರಿನ ಮೇಲೆ ಮುದ್ರೆ ಇಲ್ಲ. ಹಾಗಾಗಿ ಲೆಕ್ಸಿಕಲ್. ಒಳಗೆ ಕ್ಯಾಲೆಂಡರ್ ಅಂತ ಕರೆದಾಗ ಪ್ಯಾಕೇಜ್ ಲೋಡ್ ಆಯಿತು, ಅದು ಮುದ್ರೆ ಒತ್ತಲು ಹೋಯಿತು, ಜಗಳ. ಅದೇ ಎರಡು ಸಾಲು, ಪ್ಯಾಕೇಜ್ ಮೊದಲೇ ಲೋಡ್ ಆಗಿದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಡೈನಮಿಕ್ ಮಾತ್ರ ಇದ್ದ ಕಾಲದಲ್ಲಿ ಈ ರಗಳೆಯೇ ಇರಲಿಲ್ಲ.


ಕಂಸವಧೆ · 13:05

ಈ ದೂರು ನ್ಯಾಯವಾದದ್ದು. ಸದ್ಯಕ್ಕೆ ಲೆಟ್‌ಗಿಂತ ಮೇಲೆ (ಡಿಫ್‌ವಾರ್ ಕ್ಯಾಲೆಂಡರ್-ವೀಕ್-ಸ್ಟಾರ್ಟ್-ಡೇ) ಅಂತ ಹಾಕಿ. ಬೆಲೆ ಕೊಡಬೇಡಿ, ಬರೀ ಹೆಸರು. ಈ ಫೈಲಿನ ಮಟ್ಟಿಗೆ ಇದು ಸ್ಪೆಷಲ್ ಅಂತ ಹೇಳಿದ ಹಾಗೆ. ಪ್ಯಾಕೇಜ್ ಆಮೇಲೆ ಬಂದು ತನ್ನ ಬೆಲೆ ಕೊಟ್ಟುಕೊಳ್ಳಲಿ. ಇಮ್ಯಾಕ್ಸ್ 28ರಿಂದ ಡಿಲೆಟ್ ಅಂತಲೂ ಒಂದಿದೆ, ಅದು ಯಾವಾಗಲೂ ಡೈನಮಿಕ್ಕೇ.

ನನಗೆ ನಿಜವಾಗಿ ಬೇಸರ ಇರುವುದು ಲೆಟ್ ಅನ್ನುವ ಒಂದೇ ಪದಕ್ಕೆ ಎರಡು ಕೆಲಸ ಕೊಟ್ಟದ್ದರ ಮೇಲೆ. ಸಾಲು ನೋಡಿದರೆ ಕಾಗದವೋ ಬೋರ್ಡೋ ಗೊತ್ತಾಗುವುದಿಲ್ಲ. ಆ ಹೆಸರಿನ ಮೇಲೆ ಬೇರೆ ಎಲ್ಲೋ, ಬೇರೆ ಫೈಲಿನಲ್ಲಿ ಯಾರಾದರೂ ಮುದ್ರೆ ಒತ್ತಿದ್ದಾರಾ ಅಂತ ಹುಡುಕಬೇಕು. ಸ್ಕೀಮ್‌ನವರು ಇದಕ್ಕೆ ಪ್ಯಾರಾಮೀಟರೈಸ್ ಅಂತ ಬೇರೆ ಪದವನ್ನೇ ಇಟ್ಟರು. ಕಾಮನ್ ಲಿಸ್ಪ್‌ನವರ ಲೆಟ್ ನಮ್ಮದರ ಹಾಗೇ ಎರಡೂ ಮಾಡುತ್ತದೆ. ಆದರೆ ಸ್ಪೆಷಲ್ ಹೆಸರಿಗೆ ಎರಡೂ ಕಡೆ ನಕ್ಷತ್ರ ಹಾಕುವುದು ಅವರ ವಾಡಿಕೆ, *ಅಂಚು* ಅನ್ನುವ ಹಾಗೆ. ಚಳಿಗಾಲದ ಕಿವಿಮುಚ್ಚುಗ ಅಂತ ಅದಕ್ಕೆ ಹೆಸರೂ ಇದೆ. ಭಾಷೆ ಅದನ್ನು ಬಲವಂತ ಮಾಡುವುದಿಲ್ಲ. ಆದರೂ ಓದುವವನಿಗೆ ಕಾಣುತ್ತದೆ. ಇಲಿಸ್ಪ್‌ನಲ್ಲಿ ಅದೂ ಇಲ್ಲ.

ಹಾಲುಲೆಕ್ಕ ಅವರು ಎಲ್ಲಿ? ಮೊತ್ತದ ಕೋಡ್ ಇನ್ನೂ ಬಂದಿಲ್ಲ.


ಹಾಲುಲೆಕ್ಕ · ಸಂಜೆ 6:20

ಕ್ಷಮಿಸಿ, ಮಾರ್ಕೆಟ್‌ಗೆ ಹೋಗಿದ್ದೆ. ಡಿಫ್‌ವಾರ್ ಹಾಕಿದೆ, ಅಂಚು ಸರಿಯಾಯಿತು. ಕಾಗದ ಮತ್ತು ಬೋರ್ಡಿನ ಮಾತು ಮನಸ್ಸಿಗೆ ಕೂತಿತು. ಹಾಗಿದ್ದರೆ ಮೊತ್ತಕ್ಕೂ ಡಿಫ್‌ವಾರ್ ಹಾಕಿದರೆ ಸರಿ ಅಂತ ಹಾಕಿದೆ. ಹೌದು, 14,310 ವಾಪಸ್ ಬಂತು. ತುಂಬಾ ಧನ್ಯವಾದ. ಕೋಡ್ ಕೇಳಿದ್ದಿರಿ, ಇಲ್ಲಿದೆ:

(ಡಿಫನ್ ಒಳಮೊತ್ತ-ಬರೆ (ಒಳಸಾಲುಗಳು)
  (ಸೆಟ್‌ಕ್ಯೂ ಮೊತ್ತ 0)
  (ಡೋಲಿಸ್ಟ್ (ಸಾಲು ಒಳಸಾಲುಗಳು)
    (ಒಳಸಾಲು-ಬರೆ (ಕಾರ್ ಸಾಲು))
    (ಸೆಟ್‌ಕ್ಯೂ ಮೊತ್ತ (+ ಮೊತ್ತ (ಸಿಡಿಆರ್ ಸಾಲು)))))

(ಡಿಫನ್ ವರದಿ (ಪಟ್ಟಿ)
  (ಲೆಟ್ ((ಮೊತ್ತ 0))
    (ಡೋಲಿಸ್ಟ್ (ಬಾಬತ್ತು ಪಟ್ಟಿ)
      (ಸಾಲು-ಬರೆ (ಹೆಸರು-ಕೊಡು ಬಾಬತ್ತು))
      (ವೆನ್ (ಒಳಸಾಲು-ಕೊಡು ಬಾಬತ್ತು)
        (ಒಳಮೊತ್ತ-ಬರೆ (ಒಳಸಾಲು-ಕೊಡು ಬಾಬತ್ತು)))
      (ಸೆಟ್‌ಕ್ಯೂ ಮೊತ್ತ (+ ಮೊತ್ತ (ಬೆಲೆ-ಕೊಡು ಬಾಬತ್ತು))))
    ಮೊತ್ತ))

ಪಟ್ಟಿಯಲ್ಲಿ ಹಾಲೇ ಮೊದಲು. ಒಳಸಾಲು ಇರುವುದೂ ಅದಕ್ಕೊಂದಕ್ಕೇ. ಬೆಳಿಗ್ಗೆ 840, ಸಂಜೆ 420.


ನಾಲ್ಕನೇ_ಬ್ಲಾಕ್ · 6:31

ಒಂದು ನಿಮಿಷ. 840 ಮತ್ತು 420 ಕೂಡಿಸಿದರೆ 1,260. ನೀವು ಸೋರಿಹೋಯಿತು ಅಂದದ್ದೂ 1,260.


ಕಂಸವಧೆ · 6:44

ಅಯ್ಯೋ. ಬೆಳಿಗ್ಗೆ ನಾನೂ ಕೋಡು ನೋಡದೆ ಅದೇ ಜಾತಿ ಅಂದುಬಿಟ್ಟೆ.

ಹಾಲುಲೆಕ್ಕ ಅವರೇ, ಡೈನಮಿಕ್ ಆಗಿದ್ದಾಗ ಏನಾಗುತ್ತಿತ್ತು ನಿಧಾನವಾಗಿ ನೋಡಿ. ವರದಿ ಮೊತ್ತವನ್ನು 0 ಮಾಡಿ ಶುರು ಮಾಡುತ್ತದೆ. ಹಾಲು ಬಂತು. ಒಳಮೊತ್ತ-ಬರೆ ಕರೆಯಿತು. ಅದರೊಳಗಿನ ಮೊತ್ತಕ್ಕೆ ಲೆಟ್ ಇಲ್ಲ. ಹಾಗಾಗಿ ಅದು ಮುಟ್ಟುವುದು ಕರೆದವನ ಮೊತ್ತವನ್ನೇ. 0 ಮಾಡಿತು, 840 ಸೇರಿಸಿತು, 420 ಸೇರಿಸಿತು. ವಾಪಸ್ ಬಂದಾಗ ವರದಿಯ ಮೊತ್ತ ಆಗಲೇ 1,260. ಅದರ ಮೇಲೆ ವರದಿ ಹಾಲಿನ ಬೆಲೆ 1,260 ಮತ್ತೆ ಸೇರಿಸುತ್ತದೆ. ಹಾಲು ಎರಡು ಸಲ ಲೆಕ್ಕಕ್ಕೆ ಬಂತು. ಹಾಲು ಮೊದಲ ಸಾಲಲ್ಲಿ ಇದ್ದದ್ದಕ್ಕೆ ಇಷ್ಟೇ ಆಯಿತು. ಕೊನೆಯಲ್ಲಿ ಇದ್ದಿದ್ದರೆ ಹಿಂದಿನದೆಲ್ಲ ಅಳಿಸಿಹೋಗಿ ನಿಮಗೆ ಮೊದಲ ತಿಂಗಳೇ ಗೊತ್ತಾಗುತ್ತಿತ್ತು.

ಲೆಕ್ಸಿಕಲ್ ಆದ ಮೇಲೆ ಒಳಮೊತ್ತ-ಬರೆ ಮುಟ್ಟುವುದು ಗ್ಲೋಬಲ್ ಮೊತ್ತವನ್ನು. ವರದಿಯ ಮೊತ್ತ ಅದರ ಕೈಗೆ ಸಿಗುವುದಿಲ್ಲ. 13,050 ಅನ್ನುವುದೇ ಸರಿಯಾದ ಲೆಕ್ಕ. ಮೊತ್ತದ ಡಿಫ್‌ವಾರ್ ತೆಗೆಯಿರಿ, ಒಳಮೊತ್ತ-ಬರೆ ಒಳಗೆ ಅದರದ್ದೇ ಒಂದು ಲೆಟ್ ಹಾಕಿ.

ಬೈಟ್ ಕಂಪೈಲರ್ ಇದನ್ನು ಹೇಳಿರಬೇಕಲ್ಲ? ಫ್ರೀ ವೇರಿಯಬಲ್‌ಗೆ (ಲೆಟ್ಟೂ ಇಲ್ಲದ, ಮುದ್ರೆಯೂ ಇಲ್ಲದ ಹೆಸರಿಗೆ) ಬೆಲೆ ಕೊಡುತ್ತಿದ್ದೀರಿ ಅಂತ.


ಹಾಲುಲೆಕ್ಕ · 7:15

ಹೇಳುತ್ತಿತ್ತು. 2013ರಿಂದ ಹೇಳುತ್ತಲೇ ಇತ್ತು. ಹಳದಿ ಅಕ್ಷರದಲ್ಲಿ ಬರುವುದನ್ನು ನಾನು ಓದುವುದಿಲ್ಲ.

ನೀವು ಹೇಳಿದ ಹಾಗೆ ಸರಿ ಮಾಡಿದೆ. ಕ್ಯಾಲ್ಕುಲೇಟರ್ ಹಿಡಿದು ಕೈಯಲ್ಲೂ ಕೂಡಿಸಿದೆ. 13,050.

ಈಗ ಇರುವ ತೊಂದರೆ ಇಲಿಸ್ಪ್‌ನದ್ದಲ್ಲ. ಈ ಹಾಲಿನ ದರಕ್ಕೆ ಲೆಕ್ಕ ಹಾಕಿದರೆ ವರ್ಷಕ್ಕೆ 15,120 ರೂಪಾಯಿ ಇಲ್ಲದ ಖರ್ಚು ತೋರಿಸಿದ್ದೇನೆ. ಪ್ರತಿ ತಿಂಗಳೂ ಫ್ರಿಜ್ ಮುಂದೆ ನಿಂತು, ಇಷ್ಟೊಂದು ಖರ್ಚು ಹೇಗಾಗುತ್ತದೆ, ಸ್ವಲ್ಪ ಹಿಡಿತ ಇರಲಿ ಅಂತ ಮನೆಯವಳಿಗೆ ಭಾಷಣ ಬೇರೆ. ಅವಳು ಒಂದೆರಡು ಸಲ, ನಿಮ್ಮ ಪಟ್ಟಿಯೇ ತಪ್ಪಿರಬೇಕು ನೋಡಿ ಅಂದಿದ್ದಳು. ಕಂಪ್ಯೂಟರ್ ಲೆಕ್ಕ ಕಣೇ, ತಪ್ಪುವುದಿಲ್ಲ ಅಂದಿದ್ದೆ.

ಹೊಸ ಪ್ರಿಂಟ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದೇನೆ.


ದಾಸಯ್ಯ · 7:22

ಮೊತ್ತದ ಡಿಫ್‌ವಾರ್ ವಾಪಸ್ ಹಾಕಿ, ಆ ಹೊಸ ಲೆಟ್ ತೆಗೆಯಿರಿ ಮಾರಾಯ್ರೇ. 14,310 ಬರುತ್ತದೆ, ಮನೆಯಲ್ಲಿ ಶಾಂತಿ ಇರುತ್ತದೆ. ಡೈನಮಿಕ್ ಸ್ಕೋಪ್ ಯಾವುದಕ್ಕೂ ಬರುವುದಿಲ್ಲ ಅಂದಿರಲ್ಲ!


ಹಾಲುಲೆಕ್ಕ · 9:48

ಹೇಳಿಬಿಟ್ಟೆ. ಹನ್ನೆರಡು ವರ್ಷದ ಪ್ರಿಂಟ್‌ಗಳನ್ನೆಲ್ಲ ಅವಳು ಒಂದು ಫೈಲಿನಲ್ಲಿ ಜೋಡಿಸಿ ಇಟ್ಟಿದ್ದಾಳಂತೆ. ನನಗೆ ಗೊತ್ತೇ ಇರಲಿಲ್ಲ. ನಾಳೆ ಭಾನುವಾರ, ಒಂದೊಂದನ್ನೂ ತಿದ್ದಿ ಹೊಸದಾಗಿ ಪ್ರಿಂಟ್ ತೆಗೆದುಕೊಡಬೇಕಂತೆ.